ನಿನ್ನ ಕಲ್ಲುಕುಟಿಗನ ದೆವ್ವದ ಬಗ್ಗೆ

ಧಾರವಾಡ

ಪ್ರೀತಿಯ ತಂಗಿ,

ಒಬ್ಬರು ಕಥೆ ನಡೆಸಿ, ಉಳಿದವರು ಅದರ ಪಾತ್ರಗಳಾಗಿ ದಾಳ ಉರುಳಿಸಿ ಆಡುವ ಆ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟಕ್ಕೆ ನೀನು ಬರೆದ ದೆವ್ವದ ಕಥೆಯ ಹಸ್ತಪ್ರತಿ ತಲುಪಿತು. ಆಟದ ನಿಯಮದ ಪುಸ್ತಕದಿಂದ ದೆವ್ವಗಳ ಪುಟಗಳನ್ನು ಝೆರಾಕ್ಸ್ ಮಾಡಿ ಜೊತೆಗಿಟ್ಟಿದ್ದು ಒಳ್ಳೇದಾಯ್ತು. ಇಲ್ಲದಿದ್ದರೆ ಅರ್ಧ ನನಗೆ ಅರ್ಥವೇ ಆಗುತ್ತಿರಲಿಲ್ಲ. ಆದರೆ ನಾನು ಎಲ್ಲಕ್ಕಿಂತ ಮೊದಲು ಓದಿದ್ದು ಕೊನೆಯ ಹಾಳೆಗೆ ಪಿನ್ ಮಾಡಿದ್ದ ಚೀಟಿ. ಭಾನುವಾರ ವಿದ್ಯಾನಗರದ ರೂಮಿನಲ್ಲಿ ಗೆಳೆಯರನ್ನು ಕೂರಿಸಿಕೊಂಡು ಆಡಿಸಿದೆ, ರಾಣಿಯ ದೆವ್ವ ಬಂದಾಗ ಎಲ್ಲರೂ ನಕ್ಕರು, ಒಬ್ಬ ಮೊಬೈಲ್ ತೆಗೆದ, ನನಗೆ ಬರೆಯೋಕೆ ಬರಲ್ಲ ಅಂತ ಗೊತ್ತಾಯ್ತು, ಇನ್ನು ಸಾಕು ಅಂತ ಬರೆದಿದ್ದೀಯ. ಓದಿ ಸಂಕಟ ಆಯ್ತು. ಸಿಟ್ಟೂ ಬಂತು. ಎರಡೂ ಈ ಪತ್ರದಲ್ಲಿ ಇರುತ್ತವೆ, ತಡ್ಕೋ.

ಕಾಗುಣಿತ, ಪ್ಯಾರಾ, ಎಷ್ಟು ಪುಟ ಇರಬೇಕು, ಎಲ್ಲಿ ಅಚ್ಚು ಹಾಕಿಸಬೇಕು ಅಂತೆಲ್ಲ ಕೇಳಿದ್ದೀಯ. ಅವು ಬರೆಯುತ್ತಾ ಬರೆಯುತ್ತಾ ಸರಿಹೋಗುತ್ತವೆ. ಅದರ ಬಗ್ಗೆ ನಾನು ಒಂದಕ್ಷರವೂ ಹೇಳುವುದಿಲ್ಲ. ನನ್ನ ತಕರಾರು ಒಂದೇ. ನಿನ್ನ ದೆವ್ವಕ್ಕೆ ಏನು ಬೇಕು ಅನ್ನೋದು ನಿನಗೇ ಗೊತ್ತಿಲ್ಲ.

ರಾಣಿಯನ್ನೇ ತಗೋ. ಸೇನಾಪತಿ ಮೋಸ ಮಾಡಿದ, ಕೋಟೆಯ ಒಳಗೇ ಅವಳನ್ನು ಕೊಂದ, ಮುನ್ನೂರು ವರ್ಷದಿಂದ ಅವಳು ಸೇಡಿಗಾಗಿ ಚೀರುತ್ತಿದ್ದಾಳೆ. ಅವಳ ಅಜ್ಜ ಮುತ್ತಜ್ಜಂದಿರ ಚರಿತ್ರೆಗೆ ಪುಟಗಟ್ಟಲೆ ಜಾಗ ಕೊಟ್ಟಿದ್ದೀಯ. ಆದರೆ ಸೇನಾಪತಿ ಸತ್ತು ಮುನ್ನೂರು ವರ್ಷ ಆಗಿದೆ, ಅವನ ವಂಶವೂ ಅಳಿದಿದೆ ಅಂತ ನೀನೇ ಬರೆದಿದ್ದೀಯ. ಹಾಗಾದರೆ ಸೇಡು ಯಾರ ಮೇಲೆ? ಆಟಕ್ಕೆ ಕೂತವರು ಏನು ಮಾಡಬೇಕಿತ್ತು? ಅವಳು ಚೀರಿದಳು, ಇವರು ದಾಳ ಉರುಳಿಸಿದರು. ನಿಯಮದಲ್ಲಿ ದೆವ್ವಕ್ಕೆ 45 ಪ್ರಾಣಾಂಕ, ಅಂದರೆ ಪೆಟ್ಟು ಬಿದ್ದ ಹಾಗೆ ಕಳೆಯುತ್ತಾ ಹೋಗುವ ಜೀವದ ಲೆಕ್ಕ. ಅದನ್ನು ನಾಲ್ಕು ಜನ ಸೇರಿ ಕಳೆದು ಹಾಕಿದರು, ಮುಗೀತು. ನಿನ್ನ ಗೆಳೆಯರ ಮೇಲೆ ನನಗೆ ಸ್ವಲ್ಪವೂ ಬೇಸರ ಇಲ್ಲ. ಅವರು ನಕ್ಕಿದ್ದು ನಿನ್ನನ್ನು ನೋಡಿ ಅಲ್ಲ, ಮಾಡೋಕೆ ಏನೂ ಕೆಲಸ ಇಲ್ಲದೆ.

ಈಗ ನಾನು ಹೇಳುವುದನ್ನು ಗಮನ ಇಟ್ಟು ಓದು. ಸೇಡು ಅನ್ನೋದು ಸತ್ತ ಮೇಲೆ ಹುಟ್ಟಿದ ಕೆಲಸ. ಅದು ಅರ್ಧಕ್ಕೆ ನಿಂತ ಕೆಲಸ ಅಲ್ಲ. ಅರ್ಧಕ್ಕೆ ನಿಂತದ್ದು ಅಂದರೆ ಆ ಜೀವ ಬದುಕಿದ್ದಾಗ ಕೈಯಲ್ಲಿ ಹಿಡಿದಿದ್ದದ್ದು. ರಾಣಿ ಅವತ್ತು ಬೆಳಿಗ್ಗೆ ಏನು ಮಾಡುತ್ತಿದ್ದಳು? ಯಾರಿಗೆ ಏನು ಕೊಡುತ್ತೇನೆ ಅಂದಿದ್ದಳು? ಅವಳ ಚರಿತ್ರೆ ಪೂರ್ತಿ ಓದಿದೆ, ಎಲ್ಲೂ ಸಿಗಲಿಲ್ಲ. ಕೊಲೆ ಆಗುವ ಗಳಿಗೆಗಾಗಿಯೇ ಅವಳನ್ನು ಹುಟ್ಟಿಸಿದ್ದೀಯ. ಹಾಗೆ ಹುಟ್ಟಿಸಿದವಳು ಸತ್ತರೆ ಯಾರಿಗೂ ಏನೂ ಅನಿಸುವುದಿಲ್ಲ.

ಇದು ನನ್ನದೊಂದೇ ಮಾತಲ್ಲ. ಈ ಆಟ 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅನ್ನುವ ಇಬ್ಬರು ಕಟ್ಟಿದ್ದು ಅಂತ ನೀನೇ ಬರೆದು ತಿಳಿಸಿದ್ದೀಯ. ನೀನು ಕಳಿಸಿದ್ದು ಅದರ ಐದನೇ ಆವೃತ್ತಿಯ, 2014ರ ಪುಟಗಳು. ಅದರಲ್ಲಿ ಸೇಡಿಗಾಗಿ ಎದ್ದು ಬರುವವನೇ ಬೇರೆ ಇದ್ದಾನೆ, ರೆವೆನಂಟ್ ಅಂತ ಅವನಿಗೆ ಬೇರೆ ಪುಟ. ಅವನಿಗೆ ಒಂದು ವರ್ಷ ಗಡುವು. ಕೊಂದವನನ್ನು ಹುಡುಕಿ ತೀರಿಸಿಕೊಳ್ಳಬೇಕು, ಇಲ್ಲವಾದರೆ ಹೋಗಬೇಕು. ದೆವ್ವದ ಪುಟ ಅದಲ್ಲ. ಅದು ಒಂದು ಜಾಗಕ್ಕೋ ವಸ್ತುವಿಗೋ ಮನುಷ್ಯನಿಗೋ ಕಟ್ಟಿಬಿದ್ದ ಜೀವ. ಬಾಕಿ ಉಳಿದದ್ದು ತೀರಿದರೆ ಬಿಡುಗಡೆ. ಸೇಡೂ ಅಂಥ ಒಂದು ಬಾಕಿ ಆಗಬಹುದು ಅಂತ ಆ ಪುಟದಲ್ಲಿದೆ, ಒಪ್ಪುತ್ತೇನೆ. ಆದರೆ ಆ ಬಾಕಿ ತೀರಿಸಲು ಒಂದು ದಾರಿ ಇರಬೇಕು. ಮುನ್ನೂರು ವರ್ಷ ಸೇಡು ಅಂತ ಕೂಗುವ ನಿನ್ನ ರಾಣಿಗೆ ಆ ದಾರಿಯನ್ನೇ ನೀನು ಇಟ್ಟಿಲ್ಲ.

ನಮ್ಮ ಕಡೆ ಇದನ್ನು ಯಾರೂ ಪುಸ್ತಕ ಓದಿ ಕಲಿಯಬೇಕಿಲ್ಲ. ಸತ್ತವರ ದಿನ ಮಾಡಿ ಕಾಗೆಗೆ ಎಡೆ ಇಡುವುದನ್ನು ನೀನು ನೋಡಿರಬೇಕು. ಕುಂದಗೋಳದ ಕಡೆ ಒಂದು ಹಳ್ಳಿಯಲ್ಲಿ ನಾನು ಕಂಡದ್ದು ಹೇಳುತ್ತೇನೆ. ಎಲೆಯ ಮೇಲೆ ಜೋಳದ ರೊಟ್ಟಿ, ಎಣ್ಣೆಗಾಯಿ, ಹೋಳಿಗೆ, ಪಕ್ಕದಲ್ಲಿ ಅವನಿಗೆ ಇಷ್ಟ ಅಂತ ಒಂದು ಕಟ್ಟು ಬೀಡಿ. ಬೇವಿನ ಗಿಡದ ಮೇಲೆ ಕಾಗೆ ಕೂತಿದೆ, ಕೆಳಗೆ ಇಳಿಯುತ್ತಿಲ್ಲ. ಬಿಸಿಲು ಏರುತ್ತಿದೆ. ಎಲ್ಲರೂ ದೂರ ಸರಿದು ನಿಂತಿದ್ದಾರೆ. ಆಗ ಸತ್ತವನ ಅಣ್ಣ ಕೈ ಮುಗಿದು ಗಟ್ಟಿಯಾಗಿ ಹೇಳಿದ, "ಸೊಸೈಟಿ ಸಾಲ ನಾ ತೀರಸ್ತೀನಿ, ಚಿಂತಿ ಮಾಡಬ್ಯಾಡ." ಕಾಗೆ ಕದಲಲಿಲ್ಲ. ಹೆಂಡತಿ ಅಂದಳು, "ಸಣ್ಣಾಕೀನ ಸಾಲಿ ಬಿಡಸೂದಿಲ್ಲ, ಓದಸ್ತೀನಿ." ಆಗಲೂ ಇಲ್ಲ. ಮತ್ತೊಬ್ಬರು ಹೊಲದ ಬದುವಿನ ಜಗಳ ಮುಗಿಸುತ್ತೇವೆ ಅಂದರು. ಕೊನೆಗೆ ಪಕ್ಕದ ಮನೆಯ ಅಜ್ಜಿ, "ಅಂವಾ ಬಡಿಗ್ಯಾರ ಮನ್ಯಾಗಿಂದ ಕೊಡ್ಲಿ ತಂದಿದ್ದ. ತಿರುಗಿ ಕೊಟ್ಟಾನೋ ಇಲ್ಲೋ ನೋಡ್ರಿ" ಅಂದಳು. ಕೊಟ್ಟಿರಲಿಲ್ಲ. ಒಬ್ಬ ಹುಡುಗ ಓಡಿ ಹೋಗಿ ಕೊಟ್ಟಿಗೆಯಿಂದ ಕೊಡಲಿ ತೆಗೆದು ಅವರ ಮನೆಗೆ ಮುಟ್ಟಿಸಿ ಬಂದ. ಕಾಗೆ ಇಳಿದು ರೊಟ್ಟಿಗೆ ಬಾಯಿ ಹಾಕಿತು.

ಹಸಿವಿಗೆ ಇಳಿಯಿತೋ ಕೊಡಲಿಗೆ ಇಳಿಯಿತೋ, ಆ ವಾದ ನನಗೆ ಬೇಡ. ಬರೆಯುವವಳಾಗಿ ನೀನು ಅಲ್ಲಿ ನಿಂತಿದ್ದವರನ್ನು ನೋಡು. ಸತ್ತವನು ಒಂದು ಮಾತೂ ಆಡುತ್ತಿಲ್ಲ. ಬದುಕಿದ್ದವರು ಒಬ್ಬೊಬ್ಬರೇ ಊಹಿಸುತ್ತಿದ್ದಾರೆ. ಊಹೆ ತಪ್ಪಿದರೂ ಹೇಳಿದ ಮಾತು ಹೇಳಿದ್ದೇ. ನಾಲ್ಕು ಜನರ ಮುಂದೆ ಅಂದಮೇಲೆ ಅಣ್ಣ ಸಾಲ ತೀರಿಸಲೇಬೇಕು, ಆ ಹುಡುಗಿಯ ಶಾಲೆ ಬಿಡಿಸುವ ಹಾಗಿಲ್ಲ. ಸತ್ತವನಿಗೆ ಬೇಕಿದ್ದದ್ದು ಒಂದು ಕೊಡಲಿ ವಾಪಸ್ ಹೋಗುವುದು, ಅಷ್ಟೇ. ಅದನ್ನು ಹುಡುಕುವ ದಾರಿಯಲ್ಲಿ ಇಡೀ ಮನೆತನವೇ ಮಾತು ಕೊಟ್ಟು ಕಟ್ಟಿಕೊಂಡಿತು. ಇದಕ್ಕಿಂತ ಒಳ್ಳೆಯ ಆಟ ನಿನಗೆ ಯಾರು ಹೇಳಿಕೊಡುತ್ತಾರೆ? ನಿನ್ನ ಗೆಳೆಯರು ದೆವ್ವದ ಮುಂದೆ ನಿಂತು ತಪ್ಪಾಗಿ ಊಹಿಸಲಿ. ಪ್ರತಿ ತಪ್ಪು ಊಹೆಯೂ ಅವರು ಉಳಿಸಿಕೊಳ್ಳಬೇಕಾದ ಮಾತಾಗಲಿ. ಆಗ ಯಾರು ಮೊಬೈಲ್ ತೆಗೆಯುತ್ತಾರೆ ನೋಡೋಣ.

ಈ ಕೊಡಲಿಯ ಮಾತು ಬಂದಾಗೆಲ್ಲ ನನಗೆ ಒಂದು ಹಳೆಯ ಸಂಕಟ ಏಳುತ್ತದೆ. ಹೇಳಿಯೇ ಬಿಡುತ್ತೇನೆ. ಆ ದಿನ ಕಂಡದ್ದನ್ನೇ ಕಥೆ ಮಾಡಿ ಒಂದು ವಾರಪತ್ರಿಕೆಗೆ ಕಳಿಸಿದ್ದೆ. ಅಚ್ಚಾಗಿ ಬಂದಾಗ ನೋಡಿದರೆ ಕೊನೆ ಬೇರೆ. ನನ್ನನ್ನು ಒಂದು ಮಾತೂ ಕೇಳದೆ ಅಲ್ಲಿನ ಸಂಪಾದಕರು ಕೊಡಲಿಯನ್ನು ಕೊಲೆಯ ಆಯುಧ ಮಾಡಿದ್ದರು. ಬಡಿಗೇರನೇ ಕೊಂದಿದ್ದನಂತೆ, ಸತ್ತವನು ದೆವ್ವವಾಗಿ ಬಂದು ಸೇಡು ತೀರಿಸಿಕೊಂಡನಂತೆ. ಓದುಗರಿಗೆ ಬಿಗಿ ಬೇಕು ಅಂದರು. ಬಡಿಗೇರ ಮಾಡಿದ ತಪ್ಪೇನು? ಕೇಳಿದಾಗ ಕೊಡಲಿ ಕೊಟ್ಟಿದ್ದು. ಪಾಪದವನನ್ನು ಕೊಲೆಗಾರ ಮಾಡಿದರು, ಮೇಲೆ ನನ್ನ ಹೆಸರು ಹಾಕಿದರು. ಮೆಚ್ಚಿ ಪತ್ರಗಳು ಬಂದವು, ಮೈ ಜುಂ ಅಂದಿತು ಅಂತ. ಆ ಹೊಗಳಿಕೆ ನನಗೆ ಇವತ್ತಿಗೂ ಒಗ್ಗಿಲ್ಲ. ಅದಕ್ಕೇ ನಿನ್ನ ರಾಣಿ ಸೇಡು ಅಂತ ಚೀರಿದ ಕೂಡಲೇ ನನಗೆ ಇಷ್ಟು ರೇಗಿದ್ದು. ಸೇಡು ಎಲ್ಲ ಕಡೆಯೂ ಸಿದ್ಧವಾಗಿ ಸಿಗುತ್ತದೆ, ತಂಗಿ. ಯಾರೂ ತಮ್ಮ ಊರಿನಲ್ಲಿ ಹುಡುಕಿ ತಂದದ್ದಲ್ಲ ಅದು.

ಇಷ್ಟು ಬೈದದ್ದು ಯಾಕೆ ಅಂದರೆ, ಅದೇ ಹಸ್ತಪ್ರತಿಯಲ್ಲಿ ನೀನು ಒಂದು ಬಂಗಾರದಂಥ ಸಾಲು ಬರೆದು, ಅದನ್ನು ತಿರುಗಿಯೂ ನೋಡದೆ ಮುಂದೆ ಹೋಗಿದ್ದೀಯ. ಆಟಗಾರರು ಕೋಟೆಗೆ ಹೋಗುವ ದಾರಿ. ಅಲ್ಲಿ ಬರೆದಿದ್ದೀಯ: "ಹಾದಿಯಲ್ಲಿ ಮೇಲಿನ ಅಂಕಣ ಖಾಲಿ ಉಳಿದ ಒಂದು ವೀರಗಲ್ಲು, ಅದರ ಹತ್ತಿರ ಸಂಜೆ ಹೊತ್ತು ಉಳಿಯ ಸದ್ದು ಕೇಳುತ್ತದೆ." ಅಷ್ಟೇ. ಮುಂದಿನ ಸಾಲಿಗೆ ಮತ್ತೆ ರಾಣಿ.

ಆ ಸಾಲು ಓದಿ ನಾನು ಪುಟ ಮಡಚಿಟ್ಟು ಸುಮ್ನೆ ಕೂತೆ. ನೀನು ಹಾವೇರಿ ಜಿಲ್ಲೆಯ ಹುಡುಗಿ, ಇದು ನಿನ್ನ ಕಣ್ಣಿಗೆ ಬಿದ್ದದ್ದು ಆಶ್ಚರ್ಯ ಅಲ್ಲ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಅಂಕಣ. ಕೆಳಗೆ ಕಾಳಗ. ತುರುಗೋಳು ಅಂದರೆ ದನ ಹೊಡೆದುಕೊಂಡು ಹೋಗುವವರ ಜೊತೆ ಹೋರಾಡಿದ್ದು, ಊರಳಿವಿನಲ್ಲಿ ಮಡಿದದ್ದು, ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತದ್ದು. ನಡುವೆ ದೇವಕನ್ಯೆಯರು ಅವನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲೆ ಕೈಲಾಸ: ಲಿಂಗ, ಅದರ ಮುಂದೆ ಕೂತ ವೀರ, ಮೇಲ್ತುದಿಯಲ್ಲಿ ಸೂರ್ಯ ಚಂದ್ರ. ನಿನ್ನ ಕಲ್ಲಿನಲ್ಲಿ ಮೇಲಿನದು ಖಾಲಿ. ಅಂದರೆ ಏನಾಯ್ತು ನೋಡು! ಕೆತ್ತುವವನು ನಡುವೆ ಸತ್ತ. ಅವನ ಕೆಲಸ ಅರ್ಧಕ್ಕೆ ನಿಂತಿತು. ಅದರ ಜೊತೆಗೆ ಆ ವೀರನೂ ದೇವಕನ್ಯೆಯರ ತೋಳಿನಲ್ಲೇ ನಿಂತುಬಿಟ್ಟ. ಕೆಳಗೆ ಬರುವ ಹಾಗಿಲ್ಲ, ಮೇಲೆ ಹೋಗುವ ಹಾಗಿಲ್ಲ. ಒಂದು ಕಲ್ಲಿನಲ್ಲಿ ಇಬ್ಬರು ಸತ್ತವರು ಸಿಕ್ಕಿಹಾಕಿಕೊಂಡಿದ್ದಾರೆ, ಒಬ್ಬನ ಬಿಡುಗಡೆ ಇನ್ನೊಬ್ಬನ ಕೈಯಲ್ಲಿದೆ. ಆ ಕೈ ಈಗ ಇಲ್ಲ. ಇಂಥದ್ದು ಬರೆದವಳು ನನಗೆ ಬರೆಯೋಕೆ ಬರಲ್ಲ ಅಂದರೆ ನಾನು ಕೇಳಬೇಕಾ?

ಈ ಕಲ್ಲುಕುಟಿಗನಿಗೆ ಬೇಕಾದದ್ದು ಸಣ್ಣದು, ಮಾಡಬಹುದಾದದ್ದು. ಒಂದು ಲಿಂಗ, ಒಂದು ಕೂತ ಮನುಷ್ಯ, ಒಂದು ಸೂರ್ಯ, ಒಂದು ಚಂದ್ರ. ಆದರೆ ಉಳಿ ಹಿಡಿಯಲು ಅವನಿಗೆ ಕೈ ಬೇಕು. ಇಲ್ಲಿ ನಿನ್ನ ನಿಯಮದ ಪುಸ್ತಕ ದೊಡ್ಡ ಉಪಕಾರ ಮಾಡಿದೆ. ಮೈಮೇಲೆ ಬರುವ ಶಕ್ತಿಯ ಬಗ್ಗೆ ಇರುವ ಆ ಪ್ಯಾರಾವನ್ನು ನೀನು ಹೆದರಿಸುವುದಕ್ಕೆ ಮಾತ್ರ ಬಳಸಿದ್ದೀಯ. ಇನ್ನೊಂದು ಸಲ ಓದು. ದೆವ್ವ ಮೈಮೇಲೆ ಬಂದಾಗ ಆ ಮನುಷ್ಯನ ಎಚ್ಚರ ಹೋಗುವುದಿಲ್ಲ. ಬುದ್ಧಿ ದೆವ್ವದ್ದು, ಮೈಯ ಬಲ ಮಾತ್ರ ಆ ಮನುಷ್ಯನದು. ಹಾಗಾದರೆ ನಿನ್ನ ಗುಂಪಿನಲ್ಲಿ ಕತ್ತಿ ಹಿಡಿಯುವ ಯೋಧ ಇದ್ದಾನಲ್ಲ, ಅವನು ಒಪ್ಪಿ ಮೈ ಕೊಡಲಿ. ಕೊಟ್ಟವನು ಒಳಗೆ ಕೂತು ನೋಡುತ್ತಾನೆ. ತನ್ನ ಎಡಗೈ ಉಳಿಯನ್ನು ಓರೆ ಹಿಡಿಯುತ್ತದೆ, ತನಗೆ ಗೊತ್ತೇ ಇಲ್ಲದ ರೀತಿಯಲ್ಲಿ. ಬಲಗೈ ಸಣ್ಣ ಸಣ್ಣ ಪೆಟ್ಟು ಹಾಕುತ್ತದೆ. ಬಾಯಿ ತಾನಾಗಿ ಪುಡಿ ಊದುತ್ತದೆ, ಹೆಬ್ಬೆರಳು ಗೆರೆಯ ಆಳ ಸವರಿ ನೋಡುತ್ತದೆ. ಕತ್ತಿಯ ಹಿಡಿಗೆ ಗಂಟುಬಿದ್ದ ಅಂಗೈಗೆ ಉಳಿ ಒತ್ತುವ ಜಾಗ ಬೇರೆ, ಅಲ್ಲಿ ಬೊಬ್ಬೆ ಏಳುತ್ತದೆ, ಒಡೆಯುತ್ತದೆ. ನೋವು ಮಾತ್ರ ಇವನದೇ. ಆಡುವವನನ್ನು ಆಗ ಕೇಳು: ನಿಲ್ಲಿಸು ಅನ್ನುತ್ತೀಯೋ, ಸೂರ್ಯ ಮುಗಿಯುವ ತನಕ ತಡೆಯುತ್ತೀಯೋ? ಯಾರೂ ಚೀರಬೇಕಿಲ್ಲ. ರೂಮಿನಲ್ಲಿ ಎಲ್ಲರೂ ಅವನ ಬಾಯನ್ನೇ ನೋಡುತ್ತಿರುತ್ತಾರೆ.

ಕಲ್ಲಿನ ಗುಣವನ್ನೂ ಬಿಡಬೇಡ. ಲಕ್ಕುಂಡಿ, ಹಾವೇರಿ ಕಡೆಯ ಚಾಲುಕ್ಯರ ಗುಡಿಗಳಲ್ಲಿರುವ ಬಳಪದ ಕಲ್ಲು, ಗಣಿಯಿಂದ ತೆಗೆದ ಹೊಸದರಲ್ಲಿ ಮೆತ್ತಗಿರುತ್ತದೆ, ಗಾಳಿಗೆ ಬಿದ್ದು ಬಿದ್ದು ಗಟ್ಟಿಯಾಗುತ್ತದೆ. ನಿನ್ನ ವೀರಗಲ್ಲೂ ಅದೇ ಕಲ್ಲು ಅಂತ ಇಟ್ಟುಕೋ. ಸತ್ತ ವರ್ಷ ಸುಲಭವಾಗಿ ಆಗುತ್ತಿದ್ದ ಕೆಲಸ ಈಗ ಆಗುವುದಿಲ್ಲ. ಇಪ್ಪತ್ತು ಮುಖದ ದಾಳದಲ್ಲಿ ಅವತ್ತು 10 ಬಿದ್ದಿದ್ದರೆ ಸಾಕಿತ್ತು, ಈಗ 20 ಬೇಕು. ತಡ ಮಾಡಿದ್ದಕ್ಕೆ ಬೆಲೆ ಇರುವ ಕಥೆ ಇದು, ಆ ಬೆಲೆಯನ್ನು ಕಲ್ಲೇ ಕೇಳುತ್ತದೆ. ಇಂಥದ್ದು ನಿನ್ನ ಜಿಲ್ಲೆಯಲ್ಲೇ ಬಿದ್ದಿರುವಾಗ ದೂರದ ದೇಶದ ಕೋಟೆಗೆ ಯಾಕೆ ಓಡಿದೆಯೋ ನನಗೆ ತಿಳಿಯದು.

ಇನ್ನೊಂದು ಮಾತು, ಇದು ನನಗೆ ತುಂಬಾ ಹಿಡಿಸಿದ್ದು. ಸತ್ತವರ ಜೊತೆ ಮಾತಾಡುವ ಮಂತ್ರ ಇದೆಯಲ್ಲ ನಿನ್ನ ಆಟದಲ್ಲಿ, ಹೆಣಕ್ಕೆ ಐದೇ ಪ್ರಶ್ನೆ ಕೇಳಬಹುದು, ಬದುಕಿದ್ದಾಗ ಗೊತ್ತಿದ್ದದ್ದನ್ನು ಮಾತ್ರ ಅದು ಹೇಳುತ್ತದೆ, ಆಮೇಲೆ ನಡೆದದ್ದು ಅದಕ್ಕೆ ಗೊತ್ತಿಲ್ಲ. ಈ ಕಟ್ಟನ್ನು ನಿನ್ನ ಕಲ್ಲುಕುಟಿಗನಿಗೂ ಹಾಕು. ಎಲ್ಲ ಬಲ್ಲ ದೆವ್ವಗಳು ನನಗೆ ಬೇಸರ ತರಿಸುತ್ತವೆ. ನಿನ್ನ ರಾಣಿ ಮುನ್ನೂರು ವರ್ಷದ ಚರಿತ್ರೆಯನ್ನು ಮೇಷ್ಟರ ಹಾಗೆ ಒಪ್ಪಿಸುತ್ತಾಳೆ. ಇವನಿಗೆ ಅವತ್ತಿನ ಸಂಜೆಯ ತನಕ ಮಾತ್ರ ಗೊತ್ತಿರಲಿ. ವೀರನ ತಾಯಿ ಕಲ್ಲಿಗಾಗಿ ಹಾಲು ಕೊಡುವ ಹಸುವನ್ನೇ ಕೊಟ್ಟಿದ್ದಳು ಅಂತ ಇಟ್ಟುಕೋ. ದಿನಾ ಸಂಜೆ ಬಂದು, ನನ್ನ ಮಗ ಮೇಲೆ ಹೋದನೇನಪ್ಪಾ ಅಂತ ಕೇಳುತ್ತಿದ್ದಳು. ಅದಕ್ಕೇ ಅವನು ಸಂಜೆಯೇ ಉಳಿ ಹಿಡಿಯುವುದು, ಅವಳು ಬರುವಷ್ಟರಲ್ಲಿ ಮುಗಿಸಬೇಕು ಅಂತ. ಅವಳು ಸತ್ತು ಎಷ್ಟೋ ಕಾಲ ಆಗಿದೆ. ನಿನ್ನ ಗೆಳೆಯರಿಗೆ ಅದು ಗೊತ್ತು, ಅವನಿಗೆ ಗೊತ್ತಿಲ್ಲ. ಅವನಿಗೆ ಯಾರು ಹೇಳಬೇಕು? ಹೇಳಬೇಕಾ? ಇದನ್ನು ದಾಳ ಉರುಳಿಸಿ ತೀರ್ಮಾನ ಮಾಡಲು ಬರುವುದಿಲ್ಲ. ಒಬ್ಬರು ಬಾಯಿ ಬಿಡಬೇಕು.

ನೋಡು, ಹಸು, ತಾಯಿ ಅಂತ ನಾನೇ ಬರೆಯುವುದಕ್ಕೆ ಶುರು ಮಾಡಿದೆ. ಇದನ್ನು ಹಾಗೇ ಎತ್ತಿಕೊಳ್ಳಬೇಡ. ನಾನು ಹೇಳಿದ್ದು ನನ್ನ ಮನಸ್ಸಿಗೆ ಬಂದದ್ದು, ನಿನ್ನ ಕಲ್ಲುಕುಟಿಗ ನನಗಿಂತ ನಿನಗೆ ಜಾಸ್ತಿ ಗೊತ್ತಿರಬೇಕು. ಗೊತ್ತಾಗುವ ತನಕ ಬರೆಯಬೇಡ. ಅವನು ಏನು ಉಣ್ಣುತ್ತಿದ್ದ, ಯಾರ ಹತ್ತಿರ ಉಳಿ ತಟ್ಟಿಸಿಕೊಳ್ಳುತ್ತಿದ್ದ, ಮುಂಗಡ ತಗೊಂಡ ಹಸುವನ್ನು ಏನು ಮಾಡಿದ. ಅದರಲ್ಲಿ ಹೆಚ್ಚಿನದು ಆಟದಲ್ಲಿ ಬರುವುದೇ ಇಲ್ಲ. ಆದರೂ ನಿನಗೆ ಗೊತ್ತಿರಬೇಕು. ಯಾಕೆ ಅಂದರೆ ಆಡುವವರು ಎಲ್ಲಿಂದ ಬಂದು ಏನು ಕೇಳುತ್ತಾರೋ ಹೇಳಲಾಗದು. ಕಥೆ ಓದುವವನಿಗೆ ನಾನು ಬರೆಯದೆ ಬಿಟ್ಟದ್ದು ಕಾಣುವುದಿಲ್ಲ. ನಿನ್ನ ಎದುರಿಗೆ ಕೂತವರು ಅಡ್ಡ ಬಾಯಿ ಹಾಕಿ ಕೇಳುತ್ತಾರೆ, "ಲೇ, ಆ ಹಸು ಎಲ್ಲೈತಿ?" ಅಂತ. ಆಗ ತಡವರಿಸಿದರೆ ದೆವ್ವ ಅಲ್ಲೇ ಸತ್ತುಹೋಗುತ್ತದೆ. ನಿನ್ನ ಕೆಲಸ ನನ್ನ ಕೆಲಸಕ್ಕಿಂತ ಕಷ್ಟದ್ದು. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ನಿನ್ನ ಹಸ್ತಪ್ರತಿ ಓದಿದ ಮೇಲೆ ನನಗೆ ನಿಜವಾಗಿ ಅನಿಸಿದ್ದು.

ಕೆಲಸ ಕೈಗೂಡದೆಯೂ ಹೋಗಬಹುದು, ಅದಕ್ಕೂ ಜಾಗ ಇಡು. ಚಂದ್ರನನ್ನು ಕೆತ್ತುವಾಗ ಉಳಿ ಜಾರಿ ಕಲ್ಲು ಸೀಳಿತು ಅಂತ ಆದರೆ? ಮನೆಯಲ್ಲಿ ಕಾಗೆ ಮುಟ್ಟದ ದಿನಗಳೂ ಇರುತ್ತವೆ. ಆಗ ಏನು ಮಾಡುತ್ತಾರೆ ಅಂತ ನಿಮ್ಮ ಅಜ್ಜಿಯನ್ನು ಕೇಳು. ಉತ್ತರವನ್ನು ನಾನು ಬರೆಯುವುದಿಲ್ಲ, ಅವರ ಬಾಯಿಂದಲೇ ಕೇಳಬೇಕು. ಕೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಟ್ಟುಕೋ, ಚಂದ ಮಾಡಲು ಹೋಗಬೇಡ.

ಈಗ ಮಾಡಬೇಕಾದದ್ದು. ರಾಣಿಯನ್ನು ತೆಗೆದುಬಿಡು, ಅವಳ ವಂಶಾವಳಿ ಸಮೇತ. ಬೇಜಾರಾಗುತ್ತದೆ, ಗೊತ್ತು, ಎಷ್ಟು ರಾತ್ರಿ ಕೂತು ಬರೆದಿದ್ದೀಯೋ. ಆದರೂ ತೆಗೆ. ಒಂದು ದಿನ ಹಾನಗಲ್ಲಿಗೆ ಹೋಗು. ತಾರಕೇಶ್ವರ ಗುಡಿಯ ಆವರಣದಲ್ಲಿ ದೊಡ್ಡ ದೊಡ್ಡ ವೀರಗಲ್ಲುಗಳಿವೆ. ಫೋಟೋ ತೆಗೆದು ವಾಪಸ್ ಬರಬೇಡ. ಒಂದು ಕಲ್ಲಿನ ಮುಂದೆ ಕೂತು ಕೆಳಗಿನಿಂದ ಮೇಲಕ್ಕೆ ನೋಡು, ಉಳಿ ಎಲ್ಲಿ ಆಳ ಹೋಗಿದೆ, ಎಲ್ಲಿ ಮೇಲೆ ಮೇಲೆ ಸಾಗಿದೆ ಅಂತ ನೋಡು. ಅಷ್ಟು ದೂರ ಆಗದಿದ್ದರೆ ಇಲ್ಲಿಗೇ ಬಾ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯ ಇದೆ, ನಾನೂ ಜೊತೆಗೆ ಬರುತ್ತೇನೆ. ಆಮೇಲೆ ಮನೆಯಲ್ಲಿ ರೊಟ್ಟಿ ಊಟ ಮಾಡಿ ಹೋಗುವಿಯಂತೆ.

ಬರೆಯುವುದು ಬಿಡುತ್ತೇನೆ ಅನ್ನುವ ಮಾತನ್ನು ನನ್ನ ಮುಂದೆ ಇನ್ನೊಮ್ಮೆ ಆಡಬೇಡ. ನಾಲ್ಕು ಜನ ಗೆಳೆಯರು ಒಂದು ಭಾನುವಾರ ನಕ್ಕಿದ್ದಕ್ಕೆ ಬಿಡುವ ಕೆಲಸ ಇದಲ್ಲ. ಅವರು ನಾಳೆ ಹೊಗಳಿದರೂ ಅದನ್ನೇ ಹೇಳುತ್ತೇನೆ, ಹೊಗಳಿದರು ಅಂತ ಬರೆಯುವ ಕೆಲಸವೂ ಅಲ್ಲ.

ಮತ್ತೆ ಅವನಿಗೆ ಹೆಸರಿಡು. ರಾಣಿಗೆ ಸಾಲು ಸಾಲು ಬಿರುದು ಕೊಟ್ಟಿದ್ದೀಯ, ಇವನಿಗೆ ಒಂದು ಹೆಸರೂ ಇಲ್ಲ. ನಮ್ಮ ಹಳೆಯ ರೂವಾರಿಗಳಿಗೆ ಹೆಸರಿತ್ತು, ತಾವೇ ಕೆತ್ತಿ ಇಡುತ್ತಿದ್ದರು. ಬಳ್ಳಿಗಾವೆಯ ದಾಸೋಜನ ಹೆಸರು ಬೇಲೂರಿನ ಗುಡಿಯಲ್ಲಿ ಇವತ್ತಿಗೂ ಓದಬಹುದು. ನಿನ್ನವನ ಹೆಸರು ಆ ಕಲ್ಲಿನ ಮೇಲೆ ಇದೆಯೋ, ಅದನ್ನು ಕೆತ್ತುವುದೂ ಬಾಕಿ ಉಳಿಯಿತೋ, ಅದನ್ನೂ ಯೋಚನೆ ಮಾಡು. ತೀರ್ಮಾನ ಆದ ಮೇಲೆ ನನಗೆ ಕಾಗದ ಬರೆ.

ಪ್ರೀತಿಯಿಂದ,
ನಿನ್ನ ಅಕ್ಕ